ಹೊಸ ಡೀಡ್, ಹಳೆಯ ಕುರುಡು

ಆಸ್ಟ್ರೇಲಿಯಾದಲ್ಲಿ ನಿವೃತ್ತಿಯ ದುಡ್ಡನ್ನು ಮನೆಯವರೇ ಸೇರಿ ನೋಡಿಕೊಳ್ಳುವ ಸೂಪರ್ ನಿಧಿಗಳು 6 ಲಕ್ಷ ದಾಟಿವೆ. ಪ್ರತಿಯೊಂದಕ್ಕೂ ಒಂದು ಟ್ರಸ್ಟ್ ಡೀಡ್, ಎಂದರೆ ನಿಧಿ ನಡೆಯಬೇಕಾದ ನಿಯಮಗಳ ಪತ್ರ. ಇಷ್ಟು ಪ್ರತಿಗಳಿದ್ದೂ ಇಷ್ಟು ಕಡಿಮೆ ಓದಿಸಿಕೊಂಡ ಗದ್ಯವನ್ನು ನಾನು ಬೇರೆ ಕಂಡಿಲ್ಲ. ಓದದ್ದಕ್ಕೆ ಪರಿಹಾರವಾಗಿ ಅಲ್ಲಿನವರು ಕಂಡುಕೊಂಡಿರುವುದು ‘ಅಪ್‌ಡೇಟ್’. ಕಾನೂನು ಮಗ್ಗುಲು ಬದಲಿಸಿದಾಗಲೆಲ್ಲ ಹೊಸ ಡೀಡು, ಹೊಸ ಬಿಲ್ಲು. ಈ ಪದ್ಧತಿಗೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು.

ಈ ನಿಧಿಗಳನ್ನು ಆಳುವುದು 1993ರ ಕಾಯ್ದೆ, ಉಸ್ತುವಾರಿ ತೆರಿಗೆ ಇಲಾಖೆಯದು, ಸದಸ್ಯರೇ ಟ್ರಸ್ಟಿಗಳು, ಎಂದರೆ ಹಣ ನೋಡಿಕೊಳ್ಳುವ ಹೊಣೆಗಾರರು. ಕೆಲವು ತಿದ್ದುಪಡಿ ಬೇಕೇ ಬೇಕು, ಒಪ್ಪೋಣ. 2021ರ ಜುಲೈ 1ರಿಂದ ಸದಸ್ಯರ ಮಿತಿ 4ರಿಂದ 6ಕ್ಕೆ ಏರಿತು. ಡೀಡಿನಲ್ಲಿ ನಾಲ್ಕೇ ಎಂದಿದ್ದರೆ ಐದನೆಯವರು ಹೊಸ್ತಿಲಾಚೆಯೇ. ಆದರೆ ಸಂಸಾರಗಳು ಕೋರ್ಟು ಮೆಟ್ಟಿಲು ಹತ್ತಿದ್ದು ಇಂಥದ್ದಕ್ಕಲ್ಲ.

ಕ್ವೀನ್ಸ್‌ಲ್ಯಾಂಡಿನ ಸುಪ್ರೀಂ ಕೋರ್ಟು 2015ರಲ್ಲಿ ಕೊಟ್ಟ ಮನ್ರೋ ತೀರ್ಪನ್ನು ನೋಡಿ. ತೀರಿಕೊಂಡವರು ಸ್ವತಃ ವಕೀಲಿಕೆ ಮಾಡಿದವರು. ತಮ್ಮ ನಂತರ ಸೂಪರ್ ಹಣ ಯಾರಿಗೆ ಸಲ್ಲಬೇಕೆಂಬ ನಾಮನಿರ್ದೇಶನದಲ್ಲಿದ್ದದ್ದು ‘ಟ್ರಸ್ಟಿ ಆಫ್ ಡಿಸೀಸ್ಡ್ ಎಸ್ಟೇಟ್’, ಅಂದರೆ ಮೃತರ ಆಸ್ತಿಯ ಟ್ರಸ್ಟಿ. ಡೀಡು ಒಪ್ಪುತ್ತಿದ್ದದ್ದು ಅವಲಂಬಿತರನ್ನು, ಇಲ್ಲವೇ ‘ಲೀಗಲ್ ಪರ್ಸನಲ್ ರೆಪ್ರೆಸೆಂಟೇಟಿವ್’ ಅನ್ನು, ಅಂದರೆ ಕಾನೂನುಬದ್ಧ ಪ್ರತಿನಿಧಿಯನ್ನು. ಎರಡೂ ಒಂದೇ ತಾನೆ? ಮನುಷ್ಯ ಒಬ್ಬನೇ ಇರಬಹುದು, ಪಾತ್ರ ಬೇರೆ. ಉಯಿಲಿನ ನಿರ್ವಾಹಕ ಆಸ್ತಿ ಕೂಡಿಸಿ, ಸಾಲ ತೀರಿಸಿ, ಆ ಕೆಲಸ ಮುಗಿದ ಮೇಲೆ ಉಳಿದದ್ದಕ್ಕೆ ಟ್ರಸ್ಟಿಯಾಗುತ್ತಾನೆ. ಮುಹೂರ್ತಕ್ಕೆ ಮುಂಚೆ ವರ, ಆಮೇಲೆ ಗಂಡ. ಇನ್ನೂ ಸ್ವಾರಸ್ಯವೆಂದರೆ, ಕಾಯ್ದೆಯ 10ನೇ ಸೆಕ್ಷನ್ ಆ ಪ್ರತಿನಿಧಿ ಯಾರೆಂದು ಹೇಳುವಾಗ ‘ಟ್ರಸ್ಟಿ’ ಎಂಬ ಮಾತನ್ನೂ ಬಳಸುತ್ತದೆ. ಆದರೆ ಅದು ಕಾನೂನಿನ ಕಣ್ಣಲ್ಲಿ ತನ್ನ ವ್ಯವಹಾರ ತಾನು ನೋಡಿಕೊಳ್ಳಲಾಗದವನ ಆಸ್ತಿಗೆ. ಸತ್ತವನ ಪಾಲಿಗೆ ಅಲ್ಲಿರುವುದು ಉಯಿಲಿನ ನಿರ್ವಾಹಕ ಅಥವಾ ಕೋರ್ಟು ನೇಮಿಸಿದ ಆಡಳಿತಗಾರ ಮಾತ್ರ. ಪದ ಪುಟದಲ್ಲಿತ್ತು, ಪಕ್ಕದ ಮನೆಯಲ್ಲಿತ್ತು. ನಾಮನಿರ್ದೇಶನ ಬಿದ್ದುಹೋಯಿತು; ಹಣ ಯಾರಿಗೆಂಬುದು ಬದುಕಿದ್ದ ಟ್ರಸ್ಟಿಗಳ ವಿವೇಚನೆಗೆ ಉಳಿಯಿತು.

ತೀರ್ಪು ಅಕ್ಷರಕ್ಕೆ ಜೋತುಬಿದ್ದಿತು, ಆಶಯ ನೋಡಲಿಲ್ಲ ಎಂದು ಗೊಣಗುವವರಿದ್ದಾರೆ. ಬದುಕಿರುವವರ ಕೈ ಕಟ್ಟಿಹಾಕುವ ಕಾಗದವನ್ನು ಅಕ್ಷರದಲ್ಲಿ ಓದದೆ ಇನ್ನೆಲ್ಲಿ ಓದಬೇಕು? ಅವರಿಗಿಂತ ನನಗೆ ಸಿಟ್ಟು ಇನ್ನೊಂದು ಗುಂಪಿನ ಮೇಲೆ: ‘ಕಾನೂನು ಒಪ್ಪುವುದನ್ನೆಲ್ಲ ಈ ಡೀಡೂ ಒಪ್ಪಿದೆ’ ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುವವರು. ಕಾನೂನು ಬೇಕಾದಷ್ಟು ಒಪ್ಪುತ್ತದೆ. ಹೆಂಡತಿಗೆ ಕೊಟ್ಟರೂ ಸರಿ, ಮಕ್ಕಳಿಗೆ ಕೊಟ್ಟರೂ ಸರಿ. ಆರಿಸಬೇಕಾದದ್ದು ಡೀಡು. 2022ರಲ್ಲಿ ಹೈಕೋರ್ಟು, ಎಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಹಿಲ್–ಝುಡಾ ಪ್ರಕರಣದಲ್ಲಿ ಮೂರು ವರ್ಷಕ್ಕೊಮ್ಮೆ ನಾಮನಿರ್ದೇಶನ ನವೀಕರಿಸುವ ನಿಯಮ ಈ ಸ್ವಯಂ ನಿರ್ವಹಣೆಯ ನಿಧಿಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಗಡುವು ಬೇಕಿದ್ದರೆ ಡೀಡೇ ಹಾಕಬೇಕು. ಈ ತೀರ್ಪನ್ನೂ ಕೆಲವರು ‘ಕೂಡಲೇ ಅಪ್‌ಡೇಟ್ ಮಾಡಿಸಿ’ ಎಂಬ ಕರಪತ್ರವಾಗಿಸಿದರು! ನಾನು ಓದಿದ ಪ್ರಕಾರ ಅದು ಹೇಳುವುದು, ಕೈಯಲ್ಲಿರುವುದನ್ನು ಮೊದಲು ಓದಿ ಎಂದು. ಹೊಸ ಡೀಡು ನಾಮನಿರ್ದೇಶನಕ್ಕೆ ಬೇರೆ ನಮೂನೆ ಕೇಳಿದರೆ ಹಳೆಯ ಕಾಗದದ ಗತಿಯೇ ಅನುಮಾನಕ್ಕೆ ಬೀಳುತ್ತದೆ.

ಮೆಲ್ಬರ್ನಿನ ಕನ್ನಡ ಮಿತ್ರರೊಬ್ಬರು ತಮ್ಮ ಕಡತ ತೋರಿಸಿದರು. ಸಹಿಯ ಜಾಗಕ್ಕೆಲ್ಲ ಹಳದಿ ಚೀಟಿ ಅಂಟಿಸಿದ, ಸುರುಳಿ ಬೈಂಡಿನ ಮೂರು ಡೀಡುಗಳು, ಒಂದೊಂದೂ ಹಿಂದಿನದನ್ನು ರದ್ದುಮಾಡಿ ಬರೆದದ್ದು. ತಿದ್ದುವ ಅಧಿಕಾರ ಯಾರದು, ಯಾರ ಒಪ್ಪಿಗೆ ಬೇಕು ಎಂಬುದಿದ್ದದ್ದು ಮೊಟ್ಟಮೊದಲ ಡೀಡಿನಲ್ಲಿ. ಆ ಷರತ್ತು ಮುರಿದಿದ್ದರೆ ಮೇಲಿನ ಮೂರೂ ಅಲುಗಾಡುತ್ತವೆ. ಮೊದಲನೆಯದು ಕಡತದಲ್ಲಿರಲಿಲ್ಲ. ಅವರ ಲೆಕ್ಕಿಗರನ್ನು ಕೇಳಿದಾಗ ಬಂದ ಉತ್ತರ: ‘ಚಿಂತೆ ಬೇಡ ಸರ್, ಇನ್ನೊಂದು ಅಪ್‌ಡೇಟ್ ಮಾಡಿಸಿಬಿಡೋಣ.’