ಹೊಲಕ್ಕೆ ಮಂದೆ, ಗೋಮಾಳಕ್ಕೇನು?

ಮುಂಗಾರಿ ಪೈರು ಮನೆಗೆ ಬಂದ ಮೇಲೆ ಬಯಲುಸೀಮೆಯ ಖಾಲಿ ಹೊಲಗಳಿಗೆ ಕುರಿಮಂದೆ ಇಳಿಯುತ್ತದೆ. ಸಂಜೆ ಬಲೆ ಕಟ್ಟಿ ಕುರಿ ತರುಬಿದರೆ ಬೆಳಗಿಗೆ ನೆಲದ ತುಂಬ ಹಿಕ್ಕೆ, ಮೂಗಿಗೆ ಅಡರುವ ಗಂಜಲದ ಘಾಟು. ಮರುರಾತ್ರಿ ಬಲೆ ಪಕ್ಕಕ್ಕೆ ಸರಿಯುತ್ತದೆ. ಜಾಣ ರೈತ ಬಿಸಿಲೇರುವ ಮುಂಚೆ ಕುಂಟೆ ಹೊಡೆದು ಹಿಕ್ಕೆ, ಗಂಜಲವನ್ನು ಮಣ್ಣಿಗೆ ಬೆರೆಸುತ್ತಾನೆ. ತಡವಾದರೆ ಗಂಜಲದ ಸಾರಜನಕ ಅಮೋನಿಯಾ ಆಗಿ ಗಾಳಿಪಾಲು. ಕುರಿಗಾರನಿಗೆ ಕಾಳೋ ಕಾಸೋ ಸಿಗುತ್ತದೆ. ಈ ಪದ್ಧತಿಗೆ ಸಲ್ಲುವ ಹೊಗಳಿಕೆ ನ್ಯಾಯವಾದದ್ದೇ, ಆದರೆ ಅದು ಲೆಕ್ಕದ ಜಮೆಯ ಪುಟವನ್ನಷ್ಟೇ ಓದುತ್ತದೆ. ಕುರಿ ಇಲ್ಲಿ ಬರೀ ಹೊರೆಯಾಳು: ಹಗಲು ಗೋಮಾಳದಲ್ಲಿ ಮೇಯ್ದದ್ದನ್ನು ರಾತ್ರಿ ಹೊಲದಲ್ಲಿ ಇಳಿಸುತ್ತದೆ. ಕೊಟ್ಟಿಗೆಯ ದನದ ಸಗಣಿಯೂ ತಿಪ್ಪೆ ಸೇರಿ ಹೊಲಕ್ಕೇ ಹೋಗುತ್ತದೆ. ಗೋಮಾಳ ಹೀಗೆ ಕಳೆದುಕೊಂಡ ಸಾರಜನಕವನ್ನಾದರೂ ಗಾಳಿಯಿಂದ ಹಿಡಿದು ಕೊಡುವ ದ್ವಿದಳ ಗಿಡಗಳಿವೆ. ರಂಜಕಕ್ಕೆ ಆ ದಾರಿಯೂ ಇಲ್ಲ.

ಹಿಂದೆ ಕಾವಲು ಎಂಬ ಮೇವಿನ ಬಯಲಿಗೆ ಯಾರು ಗೊಬ್ಬರ ಹಾಕುತ್ತಿದ್ದರು, ಹುಲ್ಲು ಬೆಳೆಯಲಿಲ್ಲವೇ ಎಂದು ಕೇಳಬಹುದು. ಬೆಳೆಯಿತು. ಮೈಸೂರಿನ ಅಮೃತಮಹಲ್ ದನಗಳು ಬೇಸಿಗೆ, ಮಳೆ, ಚಳಿಗೆಂದು ಬೇರೆ ಬೇರೆ ಕಾವಲು ಸುತ್ತುತ್ತಿದ್ದವು, ಮೇಯ್ದ ಬಯಲಲ್ಲೇ ಮಲಗುತ್ತಿದ್ದವು. ಸಗಣಿ ಅಲ್ಲೇ ಉಳಿಯುತ್ತಿತ್ತು, ನೆಲಕ್ಕೆ ಬಿಡುವೂ ಸಿಗುತ್ತಿತ್ತು. ಇಂದಿನ ಗೋಮಾಳಕ್ಕೆ ಎರಡೂ ಇಲ್ಲ. ಕರ್ನಾಟಕದ ಭೂಕಂದಾಯ ನಿಯಮ 100 ದನಕ್ಕೆ 12 ಹೆಕ್ಟೇರ್ ಎಂದು ವಿಸ್ತೀರ್ಣವನ್ನು ಅಳೆಯುತ್ತದೆ, ಮಣ್ಣಿನ ಸತ್ವವನ್ನಲ್ಲ. ಹಾಗಾದರೆ ಮಳೆ ಹಿಂದೆ ಸರಿದಾಗ ಯೂರಿಯಾ ಎರಚಿದರಾಯಿತಲ್ಲ? ಯುರೋಪಿನ ಹುಲ್ಲುಗಾವಲುಗಳಲ್ಲೂ ಶರತ್ಕಾಲದಲ್ಲಿ ರಂಜಕ, ಪೊಟ್ಯಾಶ್ ಕೊಟ್ಟು ಸಾರಜನಕವನ್ನು ವಸಂತಕ್ಕೆ ಕಾಯ್ದಿಡುವುದೇ ರೂಢಿ. ನಮ್ಮಲ್ಲಿ ಕಾರ್ತಿಕದ ಹೊತ್ತಿಗೆ ಕರಡ ಒಣಗಿ ನಿಂತಿರುತ್ತದೆ. ಯೂರಿಯಾ ಇಬ್ಬನಿಗೆ ಕರಗಿ ಬಿಸಿಲಿಗೆ ಹಾರುತ್ತದೆ. ಹಿಕ್ಕೆಯೊಳಗಿನ ರಂಜಕ ಮಾತ್ರ ಮುಂದಿನ ಮುಂಗಾರಿನವರೆಗೆ ಕಾಯಬಲ್ಲದು.

ಆದ್ದರಿಂದ ಕೆಲವು ರಾತ್ರಿ ಮಂದೆ ಗೋಮಾಳದಲ್ಲೇ ತಂಗಲಿ. ಇದಕ್ಕೆ ಗಟ್ಟಿ ಆಕ್ಷೇಪ ಕುರಿಗಾರನದು. ಗೋಮಾಳದಲ್ಲಿ ಪುಕ್ಕಟೆ ಮಂದೆ ಹಾಕು ಎಂದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ. ಅದಕ್ಕೇ ಹೊಲದವನು ಕೊಡುವಷ್ಟನ್ನೇ ಗ್ರಾಮ ಪಂಚಾಯಿತಿಯೂ ಕೊಡಬೇಕು. ಒಂದೇ ಕಡೆ ತರುಬಿದರೆ ಪಾರ್ಥೇನಿಯಂ ಎದ್ದೀತು, ಆದ್ದರಿಂದ ರಾತ್ರಿಗೊಂದು ಜಾಗ. ವರ್ಷಪೂರ್ತಿ ಬೇಡ, ಕಟಾವಾದ ಹೊಲದ ಕೂಳೆ ಮೇಯುವ ದಿನಗಳಷ್ಟೇ ಸಾಕು. ಆಗ ಹೊರೆಯಾಳು ಅದೇ, ದಾರಿಯೂ ಅದೇ. ಹೊರೆ ಮಾತ್ರ ಹೊಲದಿಂದ ಗೋಮಾಳಕ್ಕೆ.