ಗಿಗ್ ಎಂಬ ಮಾತು ಮರೆಸುವುದೇನು?

ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ಹೋಟೆಲಿನ ಮುಂದೆ ನಿಂತರೆ, ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ಆರ್ಡರಿಗೆ ಕಾಯುವ ಹುಡುಗರು ಕಾಣುತ್ತಾರೆ. ಏನು ಕೆಲಸವೆಂದು ಕೇಳಿದರೆ ‘ಡೆಲಿವರಿ’ ಎನ್ನುತ್ತಾರೆ. ‘ಗಿಗ್’ ಎಂದವರನ್ನು ನಾನು ಕಂಡಿಲ್ಲ. ಆ ಹೆಸರಿಟ್ಟವರು ಪತ್ರಿಕೆಯವರು, ಕಾನೂನು ಬರೆಯುವವರು.

ಷೇಕ್ಸ್‌ಪಿಯರನ ಕಾಲದಲ್ಲಿ ಗಿಗ್ ಎಂದರೆ ಬುಗುರಿ. 18ನೇ ಶತಮಾನದ ಕೊನೆಗೆ ಒಂಟಿ ಕುದುರೆಯ, ಎರಡು ಗಾಲಿಯ ಹಗುರ ಗಾಡಿಗೂ ಅದೇ ಹೆಸರು ಬಂತು. ಸಂಗೀತಗಾರರ ಗಿಗ್ ಇವುಗಳಿಂದಲೇ ಹುಟ್ಟಿತೇ ಎಂಬುದನ್ನು ನಿಘಂಟುಕಾರರು ಇನ್ನೂ ತೀರ್ಮಾನಿಸಿಲ್ಲ. ಬ್ರಿಟನ್ನಿನ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ 1926ರಲ್ಲೇ ಆ ಬಳಕೆ ಸಿಗುತ್ತದೆ. ಜಾಜ್ ವಾದಕರಿಗೆ ಗಿಗ್ ಎಂದರೆ ಒಂದು ರಾತ್ರಿಯ ಕಾರ್ಯಕ್ರಮ. ಕರೆದವರು ಎದುರಿಗಿರುತ್ತಾರೆ, ಸಂಭಾವನೆ ಮೊದಲೇ ಮಾತಾಗಿರುತ್ತದೆ, ಬೇಡವೆನಿಸಿದರೆ ಒಪ್ಪದಿರಬಹುದು. ನಮ್ಮ ಕರಾವಳಿಯ ಯಕ್ಷಗಾನದ ಅತಿಥಿ ಕಲಾವಿದರು ಬಿಡಿ ಆಟಕ್ಕೆ ಹೋದ ಹಾಗೆ. ಆಟ ಮುಗಿದ ಮೇಲೂ ಆ ವೇಷದ ಜೊತೆ ಅವರ ಹೆಸರು ಉಳಿಯುತ್ತದೆ.

2009ರಲ್ಲಿ ಪತ್ರಕರ್ತೆ ಟೀನಾ ಬ್ರೌನ್ ‘ಗಿಗ್ ಎಕಾನಮಿ’ ಎಂದು ಬರೆದಾಗಲೂ ಆಕೆಯ ಕಣ್ಣ ಮುಂದಿದ್ದವರು ಕಾಯಂ ನೌಕರಿಯಿಲ್ಲದೆ ಹಲವು ಬಿಡಿಕೆಲಸ ಹಿಡಿದಿದ್ದ ವಿದ್ಯಾವಂತ ವೃತ್ತಿಪರರು. ಅದೇ ಮಾತನ್ನು ಡೆಲಿವರಿ ಹುಡುಗನಿಗೆ ತೊಡಿಸಿದ್ದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅವನ ದರವನ್ನು ನಿಗದಿ ಮಾಡುವುದು ಆ್ಯಪ್. ಆರ್ಡರ್ ಬಿಟ್ಟರೆ ಇನ್ಸೆಂಟಿವ್ ಕೈತಪ್ಪುತ್ತದೆ, ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಆಗುವ ಭಯ. ಇಷ್ಟು ಬಿಗಿ ಹಿಡಿತವಿದ್ದರೂ ನಮ್ಮ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕನನ್ನು ಮಾಲೀಕ-ನೌಕರ ಸಂಬಂಧದ ಹೊರಗಿನವನೆಂದೇ ವಿವರಿಸುತ್ತದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಹೆಸರನ್ನು ಪಕ್ಕಕ್ಕಿಟ್ಟು, ಹಿಡಿತ ಯಾರದ್ದೆಂದು ನೋಡಿ, ಅವರನ್ನು ಕಂಪನಿಯ ಕೆಲಸಗಾರರೆಂದು ಒಪ್ಪಿತು.

ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ದಕ್ಷಿಣ ಕನ್ನಡದ ಹೆಂಗಸರು ಮನೆಯ ಜಗಲಿಯಲ್ಲಿ, ಅಡುಗೆಯ ನಡುವೆ ಬಿಡುವಾದಾಗ ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಹೊತ್ತು ಅವರದು, ಜಾಗ ಅವರದು. ಆದರೂ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿಯನ್ನೂ ಮಾಡಲಾಯಿತು.

ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಮಾಡಿದ 2025ರ ಕಾಯ್ದೆ ಆ ನಿಧಿಯ ದಾರಿಯನ್ನು ಹಿಡಿದಿದೆ. ಕಾರ್ಮಿಕನಿಗೆ ಪ್ರತಿ ಆರ್ಡರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ಕೊಡಬೇಕು. ಇದು ದೊಡ್ಡ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ನೌಕರ ಎಂಬ ಮಾತನ್ನು ಅದೂ ಆಡಲಿಲ್ಲ, ಹೆಸರಿನಲ್ಲಿ ‘ಗಿಗ್’ ಹಾಗೆಯೇ ಕೂತಿದೆ. ನಾನಂತೂ ಡೆಲಿವರಿ ಕಾರ್ಮಿಕ, ಕ್ಯಾಬ್ ಚಾಲಕ ಎಂದೇ ಬರೆಯುತ್ತೇನೆ.