ಸೋಮೇಶ್ವರ ಮೇಷ್ಟ್ರ ಕುಸ್ತಿ ಪಾಠ

ಪತ್ರಿಕೆಯ ಕ್ರೀಡಾ ಪುಟ ಬಿಟ್ಟು ವಿಶ್ವವಿದ್ಯಾಲಯದ ಕುರ್ಚಿ ಏರಿದವರ ಬಗ್ಗೆ ಈ ವಾರ ಬರೆಯುತ್ತೇನೆಂದು ಹೋದ ವಾರವೇ ಹೇಳಿಬಿಟ್ಟಿದ್ದೆ. ಹೇಳಿದ ಮೇಲೆ ಬರೆಯಲೇಬೇಕಲ್ಲ. ಅಮೆರಿಕದಲ್ಲಿ ಇಂಥವರಿಗೆ ಬರವಿಲ್ಲ. ಜಾರ್ಜ್ ಸಾಲೊಮನ್ 1975ರಿಂದ 2003ರವರೆಗೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಕ್ರೀಡಾ ವಿಭಾಗ ನಡೆಸಿ, ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತರು. ಅಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೆಂದೇ ಶರ್ಲಿ ಪೋವಿಚ್ ಹೆಸರಿನ ಕೇಂದ್ರ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. (ಪೋವಿಚ್ ಗಂಡಸು. ಹೆಸರು ನೋಡಿ ಮೋಸಹೋದವರು ಅವರನ್ನು ಅಮೆರಿಕದ ಗಣ್ಯ ಮಹಿಳೆಯರ ಪರಿಚಯ ಗ್ರಂಥಕ್ಕೂ ಸೇರಿಸಿಬಿಟ್ಟಿದ್ದರು.) ಡಲ್ಲಾಸ್‌ನಲ್ಲಿ ಕ್ರೀಡಾ ಅಂಕಣ ಬರೆಯುತ್ತಿದ್ದ ಕೆವಿನ್ ಬ್ಲ್ಯಾಕಿಸ್ಟೋನ್ ಕೂಡ ಅದೇ ಮೇರಿಲ್ಯಾಂಡ್‌ನಲ್ಲಿ ಪ್ರಾಧ್ಯಾಪಕರಾದರು. ನಮ್ಮಲ್ಲಿ ನಾಡಿಗ ಕೃಷ್ಣಮೂರ್ತಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರು ಮಾಡಿದ್ದು 1951ರಲ್ಲಿ. ಅಷ್ಟು ಹಳೆಯ ಮನೆತನವಾದರೂ ಅಖಾಡದ ಬದಿ ಕೂತು ಬರೆದವನನ್ನು ಕರೆದು ಪ್ರೊಫೆಸರ್ ಮಾಡುವ ರೂಢಿ ನಮಗೆ ಹತ್ತಲಿಲ್ಲ.

ಹತ್ತದಿರುವುದರಿಂದ ಆದ ನಷ್ಟ ಎಷ್ಟೆಂದು ತಿಳಿಯಬೇಕಾದರೆ ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಾಗಲಿ, ಈ ಸೀಮೆಯ ಯಾವುದೇ ಜಾತ್ರೆಯಾಗಲಿ, ಮುಗಿದ ಮರುದಿನದ ಪೇಪರ್ ತೆಗೆಯಿರಿ. ಕುಸ್ತಿಯ ಸುದ್ದಿ ಇದ್ದೇ ಇರುತ್ತದೆ. ಸಾನ್ನಿಧ್ಯ ವಹಿಸಿದವರು, ಅಧ್ಯಕ್ಷತೆ ವಹಿಸಿದವರು, ಉದ್ಘಾಟಿಸಿದವರು, ಬೆಳ್ಳಿ ಕಡಗ ಕೊಡಿಸಿದವರು, ನಿರೂಪಿಸಿದವರು, ವಂದಿಸಿದವರು. ಅದಾದ ಮೇಲೆ ‘ಜಟ್ಟಿಗಳ ಕಾಳಗ ನೋಡುಗರ ಮೈನವಿರೇಳಿಸಿತು’. ಗೆದ್ದವನ ಹೆಸರು ಕೊನೆಯ ಸಾಲಿನಲ್ಲಿ. ಜಾಗ ಸಾಲದಿದ್ದರೆ ಅದಕ್ಕೂ ಕತ್ತರಿ. ಅವನು ಹೇಗೆ ಗೆದ್ದ, ಯಾವ ಡಾವಿಗೆ ಇವನು ಚಿತ್ತಾದ ಎಂದು ಕೇಳಬೇಡಿ. ಇದು ನನ್ನ ಹಳೇ ಜಗಳ, ಖಾಯಂ ಓದುಗರಿಗೆ ಗೊತ್ತೇ ಇದೆ.

ಜಂಗಿ ನಿಕಾಲಿಯಲ್ಲಿ ಮೊದಲ ಐದು ನಿಮಿಷ ಹುಡುಗರ ಗದ್ದಲವೇ ಹೆಚ್ಚು. ‘ಏನ್ ಡ್ಯಾನ್ಸ್ ಮಾಡಾಕತ್ತೀರೇನ್ರೋ’ ಎಂದು ಯಾರೋ ಒಬ್ಬ ಒದರುತ್ತಾನೆ. ತಿಳಿದ ಮುದುಕರು ಮಾತ್ರ ಪಟಗ ಸರಿಮಾಡಿಕೊಂಡು ಪೈಲ್ವಾನರ ಕಾಲು ನೋಡುತ್ತ ಕೂತಿರುತ್ತಾರೆ. ಕೈ ಕುತ್ತಿಗೆಯ ಮೇಲಿದ್ದರೂ ವ್ಯವಹಾರ ನಡೆದಿರುವುದು ಪಾದದಲ್ಲಿ. ಮೈಭಾರ ಹಿಮ್ಮಡಿಯಲ್ಲಿದೆಯೋ ಬೆರಳಿಗೆ ಬಂದಿದೆಯೋ? ಅವನು ದೂಡಿದನೆಂದು ಇವನೂ ಹಟಕ್ಕೆ ಬಿದ್ದು ದೂಡುತ್ತಾನೆ, ಹಿಮ್ಮಡಿ ಮಣ್ಣು ಬಿಡುತ್ತದೆ. ಅದಕ್ಕೇ ಕಾದಿದ್ದವನು ದೂಡುವುದನ್ನು ಥಟ್ಟನೆ ನಿಲ್ಲಿಸಿ, ತೋಳು ಜಗ್ಗಿ, ಸೊಂಟ ಒಳಗೆ ಕೊಟ್ಟು ತಿರುಗುತ್ತಾನೆ. ಢಾಕ್ ಬಿತ್ತು! ಹಲಗಿಯವನಿಗೆ ಅದು ಮೊದಲೇ ಗೊತ್ತಾಗಿ ಪೆಟ್ಟಿನ ವೇಗ ಏರಿರುತ್ತದೆ. ಗೊತ್ತಾಗದೇ ಇರುವುದು ವರದಿಗಾರನಿಗೆ. ಅವನು ಆಗ ವೇದಿಕೆಯ ಹಿಂದೆ ಗಣ್ಯರ ಹೆಸರಿನ ಚೀಟಿ ಇಸಿದುಕೊಳ್ಳುತ್ತಿರುತ್ತಾನೆ.

ಇವರಿಗಿಂತ ಜಾಣರು ಅಂಕಿ-ಅಂಶದ ಪಂಥದವರು. ಅವರಿಗೆ ಮೈದಾನಕ್ಕೆ ಹೋಗುವ ತಾಪತ್ರಯವೇ ಇಲ್ಲ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ನ್ಯೂಜಿಲೆಂಡ್ ತಂಡವನ್ನು ಉರುಳಿಸಿದರು. 7.3 ಓವರ್, 15 ರನ್, 5 ವಿಕೆಟ್. ಎದುರಾಳಿ 79ಕ್ಕೆ ಆಲೌಟ್, ಭಾರತಕ್ಕೆ 186 ರನ್ ಗೆಲುವು, ವಿಶ್ವಕಪ್ ಸೆಮಿಫೈನಲ್. ಲೆಕ್ಕ ಚೊಕ್ಕಟವಾಗಿದೆ. ಆದರೆ ಆ ಟೂರ್ನಿಯಲ್ಲಿ ಅವರಿಗೆ ಅದೇ ಮೊದಲ ಪಂದ್ಯ. ಅಲ್ಲಿಯವರೆಗೆ ಹೊರಗೆ ಕೂತಿದ್ದ ಎಡಗೈ ಸ್ಪಿನ್ನರ್ ಅಷ್ಟು ದಿನ ಏನು ನೋಡುತ್ತ ಕೂತಿದ್ದರು, ಬಂದ ದಿನವೇ ಚೆಂಡನ್ನು ಎಲ್ಲಿ ಬೀಳಿಸಬೇಕೆಂದು ಯಾವಾಗ ನಿರ್ಧರಿಸಿದರು? ನನಗೆ ಓದಬೇಕಾಗಿದ್ದದ್ದು ಅದು. ಸ್ಕೋರ್‌ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಅಮೆರಿಕದವರನ್ನು ಅಲ್ಲಿಗೇ ಬಿಡೋಣ. ಮೈದಾನದ ಬದಿ ಕೂತು ನೋಡಿ, ಎದ್ದು ಬಂದು ಪಠ್ಯ ಬರೆದವನೊಬ್ಬ ನಮ್ಮಲ್ಲೇ ಇದ್ದ, ಕಲ್ಯಾಣದಲ್ಲಿ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ‘ಸರ್ವಜ್ಞ’ ಎಂಬ ಬಿರುದು ಹೊತ್ತವನು. ಯುದ್ಧದಲ್ಲಿ ಅಪ್ಪನಷ್ಟು ಹೆಸರು ಮಾಡಲಿಲ್ಲ. ಮಾಡಿದ್ದರೆ ಇಷ್ಟು ಬರೆಯಲು ಪುರಸೊತ್ತು ಎಲ್ಲಿ ಸಿಗಬೇಕು? 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಅವನು ಬರೆದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳು. ಅದನ್ನು ಈಗ ಎಲ್ಲರೂ ಎತ್ತಿ ಹೇಳುವುದು ಇಡ್ಲಿ-ದೋಸೆಗಾಗಿ. ನಮ್ಮ ತಿಂಡಿ ಎಷ್ಟು ಹಳೆಯದೆಂದು ಸಾಧಿಸಲು ಹೊರಟ ಲೇಖನ ಯಾವುದೇ ಇರಲಿ, ಸೋಮೇಶ್ವರ ಸಾಕ್ಷಿ ಹೇಳಲೇಬೇಕು. ಸಂಗೀತದವರೂ ಆಗಾಗ ಕರೆಯುತ್ತಾರೆ. ಅಡುಗೆಮನೆಗೂ ಕಛೇರಿಗೂ ಅಲೆದಾಡಿದ ಈ ಪಂಡಿತರಲ್ಲಿ ಎಷ್ಟು ಮಂದಿ ‘ಮಲ್ಲವಿನೋದ’ದ ಪುಟ ತೆರೆದಿದ್ದಾರೋ ಶಿವನೇ ಬಲ್ಲ.

ಅದು ಹೊಗಳಿಕೆಯ ಅಧ್ಯಾಯವಲ್ಲ, ಸಿಲಬಸ್. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗೆ ಹಚ್ಚುತ್ತಾನೆ. ವಯಸ್ಸಿನ ಪ್ರಕಾರ ಬೆಳೆಯುವ ಹುಡುಗ ಭವಿಷ್ಣು, ಬಲಿತವನು ಪ್ರರೂಢ. ಜೋಡಿ ಹಚ್ಚುವ ಪಂಚರು ಇಂದಿಗೂ ಮೈಮುಟ್ಟಿ ನೋಡಿ ಮಾಡುವ ಕೆಲಸವೇ ಇದು. ತಾಲೀಮಿನಲ್ಲಿ ಐದು ಬಗೆ: ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಕಶ್ರಮ, ಸ್ತಂಭಶ್ರಮ. ಭಾರ ಎತ್ತುವುದು, ನಡೆಯುವುದು, ನೀರಿಗಿಳಿದು ಈಜುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬಕ್ಕೆ ಸುತ್ತಿಕೊಳ್ಳುವುದು. ಈ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವನಿಗೆ ತಾನು ಭಾರಶ್ರಮ ಮಾಡುತ್ತಿದ್ದೇನೆಂದು ಯಾರೂ ಹೇಳಿಲ್ಲ. ಬಾಗಲಕೋಟೆ ಪಕ್ಕದ ತುಳಸಿಗೇರಿಯಲ್ಲಿ ಮಲ್ಲಕಂಬ ಹತ್ತುವ ಮಕ್ಕಳೂ ಅಷ್ಟೇ. ಯಾವ ಅಂಗ ಎಲ್ಲಿ ಹಿಡಿಯಬೇಕು ಎಂಬುದಕ್ಕೂ, ಮಲ್ಲರಿಗೆ ಏನೇನು ತಿನ್ನಿಸಬೇಕು ಎಂಬುದಕ್ಕೂ ರಾಜ ಜಾಗ ಕೊಟ್ಟಿದ್ದಾನೆ. ಬಾಗೇವಾಡಿಯ ಬಸವಣ್ಣನವರು ಮುಂದೆ ಇದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡರು. ಪೈಲ್ವಾನರ ಹಾಲು-ತುಪ್ಪದ ಬಾಬತ್ತು ಅವರ ಲೆಕ್ಕದ ಕಡತಕ್ಕೂ ಬರುತ್ತಿತ್ತೋ ಏನೋ.

ನನಗೆ ಈ ರಾಜನಲ್ಲಿ ಹಿಡಿಸುವುದು ಅವನ ಕಣ್ಣು. ಸಿಂಹಾಸನದಲ್ಲಿ ಕೂತವನು, ಸಾನ್ನಿಧ್ಯವೂ ಅಧ್ಯಕ್ಷತೆಯೂ ಅವನದೇ. ಆದರೂ ಅಧ್ಯಾಯದಲ್ಲಿ ತುಂಬಿರುವುದು ಪೈಲ್ವಾನನ ತೋಳು, ತೊಡೆ, ಉಸಿರು.

ಬಾಗೇವಾಡಿಯಿಂದ ಬಸ್ಸು ಹತ್ತಿದರೆ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ದೂರವೇನಲ್ಲ. ಅಲ್ಲಿ ಪತ್ರಿಕೋದ್ಯಮವೂ ಇದೆ, ದೈಹಿಕ ಶಿಕ್ಷಣವೂ ಇದೆ. ಈಗ ಜಾತ್ರೆಗಳಲ್ಲಿ ಹೆಣ್ಣುಮಕ್ಕಳೂ ಲಂಗೋಟಿಯವರ ಮಣ್ಣಿಗೇ ಇಳಿದು ಕುಸ್ತಿ ಹಿಡಿಯುತ್ತಿದ್ದಾರೆ. ಆಟದ ಪುಟದಿಂದ ನಿವೃತ್ತರಾದ ಒಬ್ಬರನ್ನು ಅಲ್ಲಿಗೆ ಕರೆಸಿ ಒಂದು ಸೆಮಿಸ್ಟರ್ ಕೊಟ್ಟು ನೋಡಲಿ. ಪರೀಕ್ಷೆಯ ಪ್ರಶ್ನೆ ನಾನೇ ತೆಗೆದುಕೊಡುತ್ತೇನೆ: ಒಂದು ನಿಕಾಲಿ ಕುಸ್ತಿಯನ್ನು 200 ಪದಗಳಲ್ಲಿ ವರದಿ ಮಾಡಿ. ಅತಿಥಿಗಳ ಹೆಸರು ಬಂದರೆ ಒಂದು ಅಂಕ ಕಡಿತ, ಮೈನವಿರೆದ್ದರೆ ನಪಾಸು.

ಮುಂದಿನ ವಾರ ತೆರಬಂಡಿ. ಎತ್ತಿನ ಕೋಡಿಗೆ ಬಣ್ಣ ಬಳಿಯುವವರ ಮೇಲೆ ನನಗೊಂದು ತಕರಾರಿದೆ.